ಯಾಜಕನ ಮನೆಯವರು

ಬೈಬಲಿನಲ್ಲಿ ಯೆರೆಮೀಯನಿಗೆ ಕೋಳ ಹಾಕಿಸಿದ ಯಾಜಕನಿಗೆ ಹೆಂಡತಿ ಇದ್ದಳೇ ಎಂದು ಯಾರೂ ಕೇಳುವುದಿಲ್ಲ. ಇದ್ದೇ ಇರುತ್ತಾಳೆ. ಪ್ರವಾದಿಯನ್ನು ಹೊಡೆಸಿ, ದೇವಾಲಯದ ಬಾಗಿಲಲ್ಲಿ ಮರದ ಕೋಳಕ್ಕೆ ಸಿಕ್ಕಿಸಿ, ಸಂಜೆ ಅವನು ಮನೆಗೆ ಬಂದಿದ್ದಾನೆ. ಅವಳು ಕೈಗೆ ನೀರು ಕೊಟ್ಟಿದ್ದಾಳೆ, ಊಟಕ್ಕೆ ಬಡಿಸಿದ್ದಾಳೆ, ಇವತ್ತೇಕೆ ಇಷ್ಟು ತಡ ಎಂದು ಕೇಳಿದ್ದಾಳೆ. ಅವನು ಏನೋ ಒಂದು ಹೇಳಿದ್ದಾನೆ. ಅದೇನೆಂದು ತಿಳಿಯುವ ಆಸೆ ನನಗೆ. ಅಂಥದೇ ಒಂದು ಊಟವನ್ನು ನಾನೂ ಬಡಿಸಿದ್ದೇನೆ, ಕಿದ್ವಾಯಿ ನಗರದ ಸರ್ಕಾರಿ ಫ್ಲ್ಯಾಟಿನಲ್ಲಿ.

ನಮ್ಮದು ದಿಲ್ಲಿಯ ಕನ್ನಡ ಕ್ರೈಸ್ತರ ಸಣ್ಣದೊಂದು ಸಭೆ. ಸಭೆ ಎಂದರೆ ಭಾಷಣದ ಸಭೆಯಲ್ಲ, ಆರಾಧನೆಗೆ ಸೇರುವ ಮಂದಿ. ಸಚಿವಾಲಯಗಳಲ್ಲಿ ಫೈಲು ನೂಕುವವರು, ಆಸ್ಪತ್ರೆಗಳ ನರ್ಸುಗಳು, ಪಿಎಚ್‌ಡಿ ಮುಗಿಸದೆ ಪ್ರಾಯ ಮುಗಿಸುತ್ತಿರುವ ವಿದ್ಯಾರ್ಥಿಗಳು. ಸ್ವಂತ ಚರ್ಚು ಇಲ್ಲ. ದಕ್ಷಿಣ ದಿಲ್ಲಿಯ ಹಳೆಯ ಚರ್ಚೊಂದರವರು, ತಮ್ಮ ಹಿಂದಿ ಇಂಗ್ಲಿಷ್ ಆರಾಧನೆಗಳೆಲ್ಲ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನದ ಮಂಪರಿನ ಹೊತ್ತನ್ನು ನಮಗೆ ಬಿಟ್ಟುಕೊಟ್ಟಿದ್ದರು. ಆ ಹೊತ್ತಿನ ಮೇಲೂ ಇನ್ನೆರಡು ಭಾಷೆಯವರ ಕಣ್ಣಿತ್ತು. ಅದನ್ನು ನಮಗೆ ದಕ್ಕಿಸಿಕೊಟ್ಟವರು ನನ್ನ ಗಂಡ. ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದುಕೊಂಡೇ ಆ ಚರ್ಚಿನ ಕಚೇರಿಯ ಬೆಂಚಿನ ಮೇಲೆ ಅರ್ಜಿದಾರನಾಗಿ ವರ್ಷಗಟ್ಟಲೆ ಕಾದವರು. ಅಂದಿನಿಂದ ಸಭೆಯ ಕಾರ್ಯದರ್ಶಿಯೂ ಅವರೇ. ಸಭಾಪಾಲಕರು, ಅಂದರೆ ಪಾದ್ರಿಗಳು, ತಿಂಗಳಿಗೊಮ್ಮೆ ಬೇರೆ ಊರಿನಿಂದ ಬಂದು ಹೋಗುವವರಾದ್ದರಿಂದ, ಉಳಿದ ದಿನಗಳಲ್ಲಿ ಪೂಜಾರಿಯೂ ಅವರೇ ಪಾರುಪತ್ಯಗಾರರೂ ಅವರೇ ಎಂದು ನಾನು ಚುಚ್ಚುತ್ತಿದ್ದೆ.

ಟೀಚರ್ ಎಂದರೆ ನಮ್ಮಲ್ಲಿ ಒಬ್ಬರೇ. ಆರ್.ಕೆ.ಪುರಂನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಮದುವೆಯಾಗದವರು, ಮುನಿರ್ಕಾದಲ್ಲಿ ಒಬ್ಬರೇ ಇರುವವರು. ನನ್ನ ಮಗಳಿಗೆ ಸಂಡೇ ಸ್ಕೂಲಿನಲ್ಲಿ ಕನ್ನಡದ ಅಕ್ಷರ ತಿದ್ದಿಸಿದವರು ಅವರು; ಆಮೇಲೆ ಆ ಮಗಳ ಮಗಳಿಗೆ ಹಾಡು ಕಲಿಸುತ್ತಿದ್ದವರೂ ಅವರೇ. ದಿಲ್ಲಿಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಹಿಂದಿಯಲ್ಲಿ ಕಿರುಚುತ್ತವೆ, ಕನ್ನಡದಲ್ಲಿ ಹಾಡು ಎಂದರೆ ಗೊಣಗುತ್ತವೆ. ಟೀಚರ್ ಅದನ್ನು ಸಹಿಸುತ್ತಿರಲಿಲ್ಲ. “ಗಟ್ಟಿಯಾಗಿ” ಎಂದು ಸ್ಕೇಲಿನಿಂದ ಬೆಂಚು ಬಡಿಯುತ್ತಿದ್ದರು. “ದೇವರಿಗೆ ಹೇಗೂ ಕೇಳುತ್ತೆ. ರಸ್ತೇಲಿ ಹೋಗೋ ಆಟೋ ಭಯ್ಯಾಗೂ ಕೇಳಬೇಕು.” ಹಿಂದಿನ ಕೋಣೆಯಲ್ಲಿ ಆ ಬಡಿತ ಶುರುವಾದರೆ ಮುಂದೆ ಪ್ರಸಂಗದ, ಅಂದರೆ ಉಪದೇಶದ, ನಡುವೆ ತೂಕಡಿಸುತ್ತಿದ್ದವರು ಬೆಚ್ಚಿ ಆಮೆನ್ ಎನ್ನುತ್ತಿದ್ದರು.

ಆ ಹಿಂದಿನ ಕೋಣೆಯೇ ಎಲ್ಲಕ್ಕೂ ಮೂಲ. ಗಂಟೆಯ ಗೋಪುರದ ಬುಡಕ್ಕೆ ಆತುಕೊಂಡಂತೆ ಕಟ್ಟಿದ ಕೋಣೆ ಅದು. ದಿಲ್ಲಿಯಲ್ಲಿ ಭೂಮಿ ಆಗಾಗ ನಡುಗುತ್ತದೆ. ಫ್ಯಾನು ತೂಗುತ್ತದೆ, ‘ನಿಮಗೂ ಆಯಿತಾ’ ಎಂದು ಒಬ್ಬರನ್ನೊಬ್ಬರು ವಾಟ್ಸಾಪಿನಲ್ಲಿ ಕೇಳುತ್ತೇವೆ, ಮರೆಯುತ್ತೇವೆ. ಅಂಥ ಒಂದು ನಡುಕದ ಮುಂದಿನ ಭಾನುವಾರ ಟೀಚರ್ ಆ ಕೋಣೆಯಲ್ಲಿ, ಗೋಪುರದ ಕಡೆಯ ಗೋಡೆಯಲ್ಲಿ, ಒಂದು ಸೀಳು ಕಂಡರು. ಮೊದಲು ಉಗುರು ಹೋಗುವಷ್ಟಿತ್ತಂತೆ. ದಸರೆ ಕಳೆಯುವ ಹೊತ್ತಿಗೆ ಮಕ್ಕಳು ಅದರಲ್ಲಿ ಪೆನ್ಸಿಲ್ ಸಿಕ್ಕಿಸಿ ಆಡುತ್ತಿದ್ದವು. ನಾನೂ ಹೋಗಿ ನೋಡಿದೆ. ಕಿವಿ ಇಟ್ಟರೆ ಒಳಗೆಲ್ಲೋ ಮಣ್ಣು ಉದುರುವ ಸಣ್ಣ ಸದ್ದು. ಮೇಲೆ ಅಷ್ಟು ದೊಡ್ಡ ಗಂಟೆ ಹೊತ್ತ ಗೋಪುರ, ಕೆಳಗೆ ಚಾಪೆಯ ಮೇಲೆ ಮಕ್ಕಳು, ಗೋಡೆಗೆ ಬೆನ್ನು ಕೊಟ್ಟು ಕೂತ ನನ್ನ ಮೊಮ್ಮಗಳು.

ಟೀಚರ್ ಸೀಳು ಕಂಡ ದಿನವೇ ನನ್ನ ಗಂಡನಿಗೆ ಹೇಳಿದ್ದರು. ಚರ್ಚಿನವರಿಗೆ ತಿಳಿಸಿ, ಇಂಜಿನಿಯರ್ ಬಂದು ನೋಡಲಿ, ಅಲ್ಲಿಯವರೆಗೆ ಕೋಣೆಗೆ ಬೀಗ ಹಾಕಿ ಎಂದರು. ನನ್ನ ಗಂಡ ‘ನೋಡೋಣ’ ಎಂದರು. ಸರ್ಕಾರಿ ಮನುಷ್ಯನ ‘ನೋಡೋಣ’ಕ್ಕೆ ಏನು ಅರ್ಥವೆಂದು ಅವನ ಹೆಂಡತಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಶುಕ್ರವಾರಗಳಂದು ನಮ್ಮ ಮನೆಯಲ್ಲಿ ನಾಲ್ಕಾರು ಮಂದಿ ಕೂತು ಸತ್ಯವೇದ ಓದುವ ರೂಢಿ. ಆ ಚಳಿಗಾಲದ ಪಾಠ ಯೆರೆಮೀಯನದು. ಗೊತ್ತಿಲ್ಲದವರಿಗೆ ಎರಡು ಮಾತು: ಯೆರೆಮೀಯ ಯೆರೂಸಲೇಮು ಬೀಳುವ ಕಾಲದ ಪ್ರವಾದಿ, ಹುಟ್ಟಿನಿಂದ ತಾನೂ ಯಾಜಕರ ಮನೆಯವನೇ. ಬಾಬೆಲಿನ, ಅಂದರೆ ಬ್ಯಾಬಿಲೋನಿನ, ದಂಡು ಹತ್ತಿರವಾಗುತ್ತಿದ್ದಾಗ ಅವನು ದೇವಾಲಯದ ಬಾಗಿಲಲ್ಲೇ ನಿಂತು, ಇದು ದೇವರ ಆಲಯ ದೇವರ ಆಲಯ ಎಂದು ಜಪಿಸಿಕೊಂಡು ಮೈಮರೆಯಬೇಡಿ, ಬಡವರನ್ನು ಹಿಂಡುವುದನ್ನು ಬಿಡದಿದ್ದರೆ ಈ ಆಲಯವೂ ಬೀಳುತ್ತದೆ ಎಂದ. ಯಾಜಕರು ಇವನು ಸಾಯಲೇಬೇಕು ಎಂದರು. ಅವರಲ್ಲಿ ಆಲಯದ ದೊಡ್ಡ ಅಧಿಕಾರಿಯಾಗಿದ್ದವನೊಬ್ಬ ಇವನನ್ನು ಹಿಡಿದು ಕೋಳಕ್ಕೆ ಹಾಕಿಸಿದ.

ಯಾಕೆ ಹಾಗೆ ಮಾಡಿದರು ಎಂಬುದು ಆ ಶುಕ್ರವಾರದ ಪ್ರಶ್ನೆ. ಹೊಟ್ಟೆಪಾಡು ಸಾರ್ ಎಂದ ಒಬ್ಬ ಸಂಶೋಧನಾ ವಿದ್ಯಾರ್ಥಿ. ಆಲಯಕ್ಕೆ ಜನ ಬಂದರೆ ತಾನೆ ಯಾಜಕರ ಒಲೆ ಉರಿಯುವುದು. ನನ್ನ ಗಂಡ ಒಪ್ಪಲಿಲ್ಲ. ಯಾಜಕರ ಪರ ವಕಾಲತ್ತು ವಹಿಸಿದವರ ಹಾಗೆ ನೆಟ್ಟಗೆ ಕೂತರು. ಆ ಜನರ ಅಜ್ಜಂದಿರ ಕಾಲದಲ್ಲಿ ಇನ್ನೊಂದು ದಂಡು ಇದೇ ಊರನ್ನು ಮುತ್ತಿತ್ತು, ಆಗ ದೇವರು ಕಾಪಾಡಿದ್ದ, ಈಗಲೂ ಕಾಪಾಡುತ್ತಾನೆಂದು ಅವರು ನಂಬಿದ್ದು ತಪ್ಪೇ ಎಂದು ಕೇಳಿದರು. ಅವರಿಗಿದ್ದದ್ದು ಅದೊಂದೇ ಜಾಗ. ಅದು ಹೋದರೆ ಕುಲ ಹೋಯಿತು, ಹಾಡು ಹೋಯಿತು, ಮಕ್ಕಳಿಗೆ ತಾವು ಯಾರೆಂದು ಹೇಳುವ ಬಗೆಯೂ ಹೋಯಿತು. “ಶತ್ರು ಬಾಗಿಲಲ್ಲಿ ನಿಂತಿರುವಾಗ, ಒಳಗಿನವನೇ ಗೋಡೆ ಬೀಳುತ್ತೆ ಅಂತ ಕೂಗಿದರೆ ಅದು ಭಕ್ತಿಯೋ ದ್ರೋಹವೋ?” ಎಂದರು.

ಮೂಲೆಯಲ್ಲಿ ಕೂತಿದ್ದ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಅಷ್ಟು ನಂಬಿಕೆ ಇದ್ದಿದ್ದರೆ ಕೋಳ ಯಾಕೆ ಬೇಕಿತ್ತು? ಸುಳ್ಳು ಹೇಳೋನನ್ನ ನೋಡಿ ಜನ ನಗ್ತಾರೆ. ಕಟ್ಟಿಹಾಕಲ್ಲ.”

ನನ್ನ ಗಂಡ ಮುಂದಿನ ವಚನ ಓದಿ ಎಂದು ನನಗೆ ಹೇಳಿದರು. ಮುಂದಿನದು ಬೆಳಿಗ್ಗೆ ಕೋಳ ಬಿಚ್ಚಿಸಿಕೊಂಡ ಯೆರೆಮೀಯ ಆ ಯಾಜಕನಿಗೆ ಹೊಸ ಹೆಸರಿಡುವ ಭಾಗ. ಇನ್ನು ನಿನ್ನ ಹೆಸರು ‘ಸುತ್ತಲೂ ದಿಗಿಲು’ ಎನ್ನುತ್ತಾನೆ. ನಿನಗೂ ನಿನ್ನ ಗೆಳೆಯರಿಗೂ ನೀನೇ ದಿಗಿಲಾಗುತ್ತೀಯೆ, ನೀನೂ ನಿನ್ನ ಮನೆಯಲ್ಲಿರುವವರೆಲ್ಲರೂ ಸೆರೆ ಹೋಗುತ್ತೀರಿ ಎನ್ನುತ್ತಾನೆ. ಓದುತ್ತ ನನಗೆ ಸಿಟ್ಟು ಬಂತು. ಕೋಳ ಹಾಕಿದವನು ಅವನು. ಮನೆಯವರು ಏನು ಮಾಡಿದ್ದರು?

ಸಭೆಯ ಕಮಿಟಿ ಸೇರಿದ್ದು ಅದರ ಮುಂದಿನ ವಾರ, ಅದೂ ನಮ್ಮ ಮನೆಯಲ್ಲೇ. ನಾನು ಅಡುಗೆಮನೆಯಿಂದ ಎಲ್ಲ ಕೇಳುತ್ತಿದ್ದೆ. ಗೋಡೆ ಗಟ್ಟಿಯಾಗಿದೆ ಎಂದು ಯಾರೂ ಹೇಳಲಿಲ್ಲ, ಅದು ನನ್ನ ಗಮನಕ್ಕೆ ಬಂತು. ಮಾತೆಲ್ಲ ಗೋಡೆಯ ಸುತ್ತಲಿನದು. ಚರ್ಚಿನವರಿಗೆ ತಿಳಿಸಿದರೆ ಇಡೀ ಕಟ್ಟಡ ಮುಚ್ಚುತ್ತಾರೆ. ಮುಚ್ಚಿದರೆ ಅವರ ಜನಕ್ಕೆ ನಗರದ ತುಂಬ ಚರ್ಚುಗಳಿವೆ, ನಮಗೆ ಎಲ್ಲಿದೆ? ರಿಪೇರಿಯಾಗಿ ತೆರೆದ ಮೇಲೆ ನಮ್ಮ ಹೊತ್ತು ನಮಗೇ ಸಿಗುತ್ತದೆ ಎಂಬ ಭರವಸೆ ಏನು? ಕ್ರಿಸ್ಮಸ್ ಕಳೆಯಲಿ, ಈಸ್ಟರ್ ಕಳೆಯಲಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ದಿಲ್ಲಿಯ ನಮ್ಮ ಜನರನ್ನು ಮೀರಿಸುವವರಿಲ್ಲ.

ಎಲ್ಲರೂ ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ಅಲ್ಲಿ ಕೂರುವವಳು ನಿಮ್ಮ ಮೊಮ್ಮಗಳು ಎಂದೆ. ಅವಳನ್ನು ಇನ್ನು ಕರೆತರಬೇಡವೆಂದು ಮಗಳಿಗೆ ಹೇಳುತ್ತೇನೆ ಎಂದೆ. ಕಾರ್ಯದರ್ಶಿಯ ಮೊಮ್ಮಗಳೇ ಬರದಿದ್ದರೆ ಯಾರು ತಾನೆ ಮಕ್ಕಳನ್ನು ಕಳಿಸುತ್ತಾರೆ ಎಂದು ಅವರು ಕೇಳಿದರು. ಆಮೇಲೆ ನಮ್ಮ ಹಾಲನ್ನೊಮ್ಮೆ ಸುತ್ತ ನೋಡಿ, “ಆ ಜಾಗ ಹೋದರೆ ಎಲ್ಲಿ ಹಾಡ್ತೀರಿ? ಇಲ್ಲೇನಾ?” ಎಂದರು.

ಅವರು ಯಾವುದನ್ನು ನೆನೆದು ಹೇಳಿದರೆಂದು ನನಗೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಗಾಜಿಯಾಬಾದ್ ಕಡೆಯ ಅಪಾರ್ಟ್‌ಮೆಂಟೊಂದರಲ್ಲಿ ನಮ್ಮವರೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರಿದ್ದೆವು. ಹಾಡು ಮುಗಿಸಿ ಕೆಳಗಿಳಿದಾಗ ಗೇಟಿನ ಬಳಿ ಕೆಲವು ಗಂಡಸರು ನಿಂತಿದ್ದರು. ಯಾರೂ ಬೈಯಲಿಲ್ಲ, ಅಡ್ಡ ಬರಲಿಲ್ಲ. ಮೊಬೈಲ್ ಹಿಡಿದು ನಮ್ಮ ಒಬ್ಬೊಬ್ಬರ ಮುಖವನ್ನೂ, ಕಾರುಗಳ ನಂಬರ್ ಪ್ಲೇಟನ್ನೂ ನಿಧಾನವಾಗಿ ವಿಡಿಯೋ ಮಾಡಿಕೊಂಡರು. ಆ ಮನೆಯವರಿಗೆ ಬಾಡಿಗೆ ಕರಾರು ಮುಂದುವರಿಯಲಿಲ್ಲ. ಅದಾದ ಮೇಲೆ ನನ್ನ ಗಂಡನಿಗೆ ಸ್ವಂತ ಗೇಟು ಇರುವ, ಎದ್ದು ಕಾಣುವ ಶಿಲುಬೆ ಇರುವ, ನೂರು ವರ್ಷದಿಂದ ಚರ್ಚೆಂದೇ ಎಲ್ಲರಿಗೂ ಗೊತ್ತಿರುವ ಆ ಕಟ್ಟಡವೇ ಕೋಟೆಯಾಯಿತು. ಅದರೊಳಗೆ ಗಟ್ಟಿಯಾಗಿ ಹಾಡಿದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಟೀಚರ್ ಬಿಡಲಿಲ್ಲ. ಪ್ರತಿ ಭಾನುವಾರ ಪ್ರಕಟಣೆಯ ಹೊತ್ತಿಗೆ ಎದ್ದು ನಿಂತು, ಗೋಡೆ ಹಾಗೇ ಇದೆ ಎಂದು ಹೇಳಿ ಕೂರುತ್ತಿದ್ದರು. ಹೇಳಿದ್ದಕ್ಕೆ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ನಾವು ಜಗಳವಾಡುವುದು ಪ್ರಾರ್ಥನೆಯಲ್ಲಿ. ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳಿದಂತೆ ಮಾಡಿ ಪಕ್ಕದವರಿಗೆ ಹೇಳುವುದು. ಕರ್ತನೇ, ನಮ್ಮ ಹಿರಿಯ ಸಹೋದರಿಗೆ ನೆಮ್ಮದಿ ಕೊಡು ಎಂದು ಒಬ್ಬರು ಬೇಡಿದರು. ಆಕೆಯ ವಯಸ್ಸಿನ ದಣಿವನ್ನು ನೋಡು ಎಂದು ಇನ್ನೊಬ್ಬರು. ಒಂಟಿಯಾಗಿರುವವರ ಮನಸ್ಸಿನಿಂದ ಭಯದ ಆತ್ಮವನ್ನು ದೂರಮಾಡು ಎಂದು ಮೂರನೆಯವರು. ದೇವರಿಗೆ ಏನು ಅನಿಸಿತೋ ತಿಳಿಯದು. ಕಮಿಟಿಗೆ ಮಾತ್ರ ಉತ್ತರ ಹೊಳೆಯಿತು: ಟೀಚರಿಗೆ ಸನ್ಮಾನ ಮಾಡುವುದು.

ನಾವು ಕನ್ನಡದವರು ಬೇಡವಾದವರನ್ನು ಓಡಿಸುವುದಿಲ್ಲ, ಸನ್ಮಾನಿಸುತ್ತೇವೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ದೀರ್ಘ ಸೇವೆಯನ್ನು ಹೊಗಳಿ, ಇನ್ನು ವಿಶ್ರಾಂತಿ ಪಡೆಯಲಿ ಎಂದು ಮೈಕಿನಲ್ಲಿ ಹಾರೈಸಿದರೆ ಆಯಿತು. ಹೋಗುವವರು ನಗುನಗುತ್ತ ಹೋಗಬೇಕಾಗುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಶಾಲು ತರುವ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯಲ್ಲಿ ಇದ್ದುದರಲ್ಲೇ ದಪ್ಪನೆಯ, ನಿಜಕ್ಕೂ ಬೆಚ್ಚಗಿರುವ ಮರೂನ್ ಶಾಲನ್ನು ಹುಡುಕಿ ತಂದೆ. ಸುಮ್ಮನೆ ಹೊದಿಸಿ ಮಡಿಚಿಡುವ ಹೊಳೆಯುವ ಬಟ್ಟೆ ಸಾಕಾಗಿತ್ತು ಎಂದು ಕಮಿಟಿಯವರೊಬ್ಬರು ಅಂದದ್ದಕ್ಕೆ, ಕೋಳವಾದರೂ ಒಳ್ಳೆ ಮರದ್ದಿರಲಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಗಂಡನಿಗೆ ಅರ್ಥವಾಯಿತು.

ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಹೊರಗೆ ಹೊಗೆಮಂಜು ಎಷ್ಟಿತ್ತೆಂದರೆ ಗೋಪುರದ ತುದಿ ಕಾಣುತ್ತಿರಲಿಲ್ಲ. ನನ್ನ ಗಂಡ ಚೆನ್ನಾಗಿ ಮಾತಾಡಿದರು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಟೀಚರ್ ಇಲ್ಲದಿದ್ದರೆ ನಮ್ಮ ಮಕ್ಕಳ ಬಾಯಲ್ಲಿ ಕನ್ನಡವೇ ಇರುತ್ತಿರಲಿಲ್ಲ ಎಂದದ್ದೂ ನಟನೆಯಲ್ಲ. ಶಾಲು ಹೊದಿಸಿದರು. ಹೊಸ ವರ್ಷದಿಂದ ಸಂಡೇ ಸ್ಕೂಲನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ ಎಂದು ಘೋಷಿಸಿದರು. ಅದನ್ನು ನಾನು ಕೇಳಿದ್ದು ಅದೇ ಮೊದಲು.

ಟೀಚರ್ ಮೈಕು ಹಿಡಿದರು. “ಶಾಲು ಬೆಚ್ಚಗಿದೆ. ತಂದವರಿಗೆ ದೇವರು ಒಳ್ಳೇದು ಮಾಡಲಿ. ಗೋಡೆ ಮಾತ್ರ ಹಾಗೇ ಇದೆ.” ಚಪ್ಪಾಳೆ ತಟ್ಟುವುದೆಂದು ಮೊದಲೇ ತೀರ್ಮಾನವಾಗಿದ್ದರಿಂದ ಎಲ್ಲರೂ ತಟ್ಟಿದರು.

ಆ ಸಂಜೆಯ ಊಟವೇ ನಾನು ಹೇಳಿದ ಊಟ. ಬಿಸಿ ಅನ್ನ, ಮೀನಿನ ಸಾರು. ನಾನು ಬಡಿಸಿದೆ. ಅವರು ತಟ್ಟೆ ನೋಡುತ್ತ ತುಂಬ ಹೊತ್ತು ಕಲಸಿದರು. “ಎಲ್ಲಾ ಗೌರವವಾಗಿ ಮುಗೀತು” ಎಂದರು. ಆ ಯಾಜಕನೂ ಇದನ್ನೇ ಹೇಳಿರಬೇಕು. ನಾನು ಇನ್ನೊಂದು ಸೌಟು ಸಾರು ಹಾಕಿದೆ. ಅವರ ಮೇಲೆ ಸಿಟ್ಟೂ ಇತ್ತು, ಕನಿಕರವೂ ಇತ್ತು. ಎರಡೂ ಒಟ್ಟಿಗೆ ಇದ್ದರೆ ಮನುಷ್ಯರು ಬಡಿಸುವ ಕೆಲಸ ಮಾಡುತ್ತಾರೆ.

ಸಂಡೇ ಸ್ಕೂಲು ನನ್ನ ಕೈಗೆ ಕೊಟ್ಟರಲ್ಲ, ಸರಿ ಎಂದುಕೊಂಡೆ. ಹೊಸ ವರ್ಷದ ಮೊದಲ ತರಗತಿಗೇ ಚಾಪೆ ಸುತ್ತಿಕೊಂಡು ಮಕ್ಕಳನ್ನು ಅಂಗಳದ ಬೇವಿನ ಮರದ ಆಚೆಗೆ, ಗೋಪುರದಿಂದ ದೂರ, ಕರೆದುಕೊಂಡು ಹೋದೆ. ಕೇಳಿದವರಿಗೆ ಚಳಿಗಾಲದ ಬಿಸಿಲು ಮಕ್ಕಳ ಮೂಳೆಗೆ ಒಳ್ಳೆಯದು ಎಂದೆ. ಟೀಚರ್ ತಮ್ಮ ಶಾಲು ಹೊದ್ದು ಬಂದು ಮರದ ಕೆಳಗಿನ ಕಲ್ಲಿನ ಮೇಲೆ ಕೂತರು. ಅವರಿಗೆ ತರಗತಿ ಇರಲಿಲ್ಲ, ಹಾಗಾಗಿ ಕೂತರು ಅಷ್ಟೆ. ಮಕ್ಕಳು ಒಂದೊಂದಾಗಿ ಅವರ ಮೊಣಕಾಲಿನ ಹತ್ತಿರ ಸರಿದವು.

ನನ್ನ ಗಂಡನಿಗೆ ದಿಗಿಲು ಹತ್ತಿತು. ನನ್ನ ಮೇಲಿನ ಸಿಟ್ಟಿಗಿಂತ ಅವರಿಗೆ ಆ ಖಾಲಿ ಕೋಣೆಯ ಚಿಂತೆ. ಕೋಣೆ ಖಾಲಿ ಕಂಡರೆ ಬೇರೆ ಭಾಷೆಯವರು ನಮಗೆ ಕೊಡಿ ಎನ್ನುತ್ತಾರೆ, ಚರ್ಚಿನವರು ಯಾಕೆ ಖಾಲಿ ಬಿಟ್ಟಿರಿ ಎನ್ನುತ್ತಾರೆ, ಕಾರಣ ಹೇಳಬೇಕಾಗುತ್ತದೆ. ದಿಲ್ಲಿಯ ಕಚೇರಿಗಳಲ್ಲಿ ಸಾಹೇಬರು ಎದ್ದು ಹೋಗುವಾಗ ಕೋಟನ್ನು ಕುರ್ಚಿಗೆ ತೂಗುಹಾಕಿ ಹೋಗುತ್ತಾರೆ. ಕೋಟಿದ್ದರೆ ಸಾಹೇಬರು ಇದ್ದಾರೆ ಎಂದೇ ಲೆಕ್ಕ. ಮುಂದಿನ ಭಾನುವಾರ ಹೋಗಿ ನೋಡುತ್ತೇನೆ, ಸಂಡೇ ಸ್ಕೂಲಿನ ಕೋಣೆಯ ಬಾಗಿಲು ಅರ್ಧ ತೆರೆದಿದೆ, ಟ್ಯೂಬ್‌ಲೈಟ್ ಉರಿಯುತ್ತಿದೆ, ಒಂದು ಪುಟ್ಟ ಕುರ್ಚಿಗೆ ನನ್ನ ಗಂಡನ ಕರಿ ಕೋಟು ತೂಗುತ್ತಿದೆ. ನಗು ಬಂತು, ನಗಲಾಗಲಿಲ್ಲ. ಅದರ ಮುಂದಿನ ವಾರ ಕೋಟಿನ ಜೊತೆ ಅವರೂ ಇದ್ದರು. ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಮುದುಡಿ, ಸೀಳಿಗೆ ಬೆನ್ನು ಹಾಕಿ, ತೊಡೆಯ ಮೇಲೆ ಪುಸ್ತಕ ತೆರೆದುಕೊಂಡು ಕೂತಿದ್ದರು. ಗೋಡೆ ಏನೂ ಆಗುವುದಿಲ್ಲ ಎಂದು ತೋರಿಸುವುದಕ್ಕೆ ಕೂತಿದ್ದಾರೆ ಎಂದು ಕಮಿಟಿಯವರು ಅಭಿಮಾನದಿಂದ ಹೇಳಿಕೊಂಡರು. ಚಳಿಗಾಲ ಮುಗಿಯುವವರೆಗೂ ಹೀಗೇ ನಡೆಯಿತು. ನಾನು ಮಕ್ಕಳಿಗೆ ಕಥೆ ಹೇಳುತ್ತ ಒಂದು ಕಿವಿಯನ್ನು ಆ ಕೋಣೆಯ ಕಡೆಗೇ ಇಟ್ಟುಕೊಂಡಿರುತ್ತಿದ್ದೆ. ಲಾರಿಯೊಂದು ಬೀದಿಯಲ್ಲಿ ಹಾದುಹೋದರೂ ತಿರುಗಿ ನೋಡುತ್ತಿದ್ದೆ.

ಒಂದು ಭಾನುವಾರ ಯಾರೋ ಮಕ್ಕಳಿಗೆ ಕಿನ್ನೋ ಕಿತ್ತಳೆ ಹಣ್ಣು ತಂದಿದ್ದರು. ಅರೆಕ್ಷಣ ನಾನು ಸಿಪ್ಪೆ ಬಿಡಿಸುವುದರಲ್ಲಿದ್ದೆ, ಮೊಮ್ಮಗಳು ಎರಡು ಹಣ್ಣು ಎತ್ತಿಕೊಂಡು, “ತಾತಂಗೆ ಕೊಟ್ಟು ಅಭೀ ಆಯೀ” ಎಂದು, ಈಗ ಬಂದೆ ಎಂದು, ಓಡಿಬಿಟ್ಟಳು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವಳು ಕೋಣೆಯ ಹೊಸ್ತಿಲ ಹತ್ತಿರವಿದ್ದಳು. ಆಗ ಒಳಗಿನಿಂದ ನನ್ನ ಗಂಡನ ಕೂಗು ಕೇಳಿತು.

“ಒಳಗೆ ಬರಬೇಡ.”

ಮದುವೆಯಾದಂದಿನಿಂದ ಆ ದನಿಯ ಕೂಗನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಚರ್ಚಿನೊಳಗೆ ಹಾಡುತ್ತಿದ್ದವರು ನಿಲ್ಲಿಸಿದರು. ಕಮಿಟಿಯವರು ಬಾಗಿಲಿಗೆ ಬಂದರು. ಮೊಮ್ಮಗಳು ಹೊಸ್ತಿಲ ಮೇಲೆ ಎರಡು ಕೈಯಲ್ಲೂ ಹಣ್ಣು ಹಿಡಿದು ಕಲ್ಲಾಗಿ ನಿಂತಿದ್ದಳು. ಒಳಗೆ ನನ್ನ ಗಂಡ ಎದ್ದು ನಿಂತು, ಅವಳನ್ನು ತಡೆಯುವಂತೆ ಎರಡೂ ಅಂಗೈ ಮುಂದಕ್ಕೆ ಚಾಚಿದ್ದರು. ಅಲ್ಲಿ ನೆರೆದ ಎಲ್ಲರಿಗೂ ಒಂದೇ ಕ್ಷಣಕ್ಕೆ ತಿಳಿಯಿತು: ಅವರು ಮೊದಲ ದಿನದಿಂದಲೂ ಟೀಚರ್ ಮಾತನ್ನು ನಂಬಿದ್ದರು. ನಂಬದೇ ಇದ್ದದ್ದಕ್ಕಲ್ಲ ಶಾಲು ಹೊದಿಸಿದ್ದು.

ಟೀಚರ್ ಹೋಗಿ ಮಗುವನ್ನು ಎತ್ತಿಕೊಂಡು ಬಂದರು. ನೋಡಿದಿರಾ ಎಂದು ಯಾರಿಗೂ ಹೇಳಲಿಲ್ಲ. ನಾನಾಗಿದ್ದರೆ ಹೇಳುತ್ತಿದ್ದೆ.

ಮರುದಿನ ನನ್ನ ಗಂಡ ರಜೆ ಹಾಕಿ, ಹಿಂದೆ ವರ್ಷಗಟ್ಟಲೆ ಕಾದ ಅದೇ ಬೆಂಚಿನ ಮೇಲೆ ಕಾದು, ಚರ್ಚಿನವರಿಗೆ ಎಲ್ಲ ಹೇಳಿ ಬಂದರು. ಇಂಜಿನಿಯರರು ಬಂದರು. ಆ ವಾರವೇ ಗೇಟಿಗೆ ಬೀಗ ಬಿತ್ತು. ಹಿಂದಿಯವರಿಗೂ ಇಂಗ್ಲಿಷಿನವರಿಗೂ ಬೇರೆ ಚರ್ಚುಗಳಲ್ಲಿ ಜಾಗ ಸಿಕ್ಕಿತು. ನಮಗೆ ಎಲ್ಲಿಯೂ ಸಿಗಲಿಲ್ಲ, ನನ್ನ ಗಂಡ ಹೇಳಿದ್ದ ಹಾಗೆಯೇ. ಗೋಡೆ ಇವತ್ತಿನವರೆಗೂ ಬಿದ್ದಿಲ್ಲ. ಅದು ಬೀಳದಿರುವುದೇ ಟೀಚರ್ ಮೇಲಿನ ದೊಡ್ಡ ಆಪಾದನೆಯಾಗಿದೆ. ಬೀಳದ ಗೋಡೆಗಾಗಿ ನೆಲೆ ಕಳಕೊಂಡೆವು ಎಂದು ಕೆಲವರು ಬರುವುದನ್ನು ಬಿಟ್ಟರು. ಬೀಳಲಿ ಎಂದು ಕಾಯುವ ಕೆಟ್ಟ ಮನಸ್ಸು ನನಗೂ ಒಮ್ಮೊಮ್ಮೆ ಬರುತ್ತದೆ.

ಈಗ ನಾವು ಸೇರುವುದು ನಮ್ಮ ಮನೆಯ ಹಾಲಿನಲ್ಲಿ. ಸೋಫಾ ಗೋಡೆಗೆ ಸರಿಸಿ, ನೆಲಕ್ಕೆ ಚಾದರ ಹಾಸಿ, ಉಳಿದಷ್ಟು ಮಂದಿ ಕೂರುತ್ತೇವೆ. ಟೀಚರ್ ಬರುತ್ತಾರೆ. ಯೆರೂಸಲೇಮು ಬಿದ್ದ ಮೇಲೆ ಉಳಿದ ಜನ ಯೆರೆಮೀಯನ ಮಾತು ಮತ್ತೆ ಕೇಳದೆ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೊರಟಾಗ ಅವನನ್ನೂ ಎಳೆದುಕೊಂಡು ಹೋದರಂತೆ. ಟೀಚರನ್ನು ಯಾರೂ ಎಳೆಯಲಿಲ್ಲ. ಮೊದಲ ಭಾನುವಾರವೇ ಬಸ್ಸು ಹತ್ತಿ ಬಂದು, ಚಪ್ಪಲಿಯನ್ನು ಹೊರಗೆ ಬಿಡಬೇಡಿ, ಸಾಲಾಗಿ ಕಾಣುತ್ತೆ, ಒಳಗೆ ಇಡಿ ಎಂದು ನನ್ನ ಗಂಡ ಹೇಳಿದಾಗ ಏನೂ ಕೇಳದೆ ಒಳಗೆ ಇಟ್ಟರು. ಆ ದಿನ ಮಕ್ಕಳು ಕಲಿತ ಹಾಗೆಯೇ, ಗಟ್ಟಿಯಾಗಿ ಹಾಡಿದವು.

ಎರಡು ದಿನ ಬಿಟ್ಟು, ನಾವು ತರಕಾರಿ ಹಿಡಿದು ಬರುವಾಗ, ನಮ್ಮ ಮಹಡಿಯವರೇ ಆದ ನೆರೆಯವರೊಬ್ಬರು ಲಿಫ್ಟಿನಲ್ಲಿ ಜೊತೆಯಾದರು. ಬೇರೆ ಸಚಿವಾಲಯದ ಅಧಿಕಾರಿ, ಸಜ್ಜನ, ಹೋಳಿ ಹಬ್ಬಕ್ಕೆ ಗುಜಿಯಾ ಸಿಹಿ ಕಳಿಸಿದವರು. ಭಾನುವಾರ ನಿಮ್ಮಲ್ಲಿ ಏನೋ ಕಾರ್ಯಕ್ರಮವಿತ್ತಲ್ಲ ಎಂದು ನಗುತ್ತ ಹಿಂದಿಯಲ್ಲಿ ಕೇಳಿದರು. ತುಂಬ ಜನ ಬಂದಿದ್ದರು, ಎಲ್ಲ ಒಂದೇ ಊರಿನವರೇ, ಏನು ಹಾಡು ಅದು ಎಂದರು. ನನ್ನ ಗಂಡ ತಡವರಿಸಲಿಲ್ಲ. “ನಾತಿನ್ ಕಾ ಬರ್ತ್‌ಡೇ ಥಾ” ಎಂದರು, ಮೊಮ್ಮಗಳ ಹುಟ್ಟುಹಬ್ಬ ಎಂದು. ನೆರೆಯವರು “ಅಚ್ಛಾ, ಅಚ್ಛಾ” ಎಂದು ತಲೆಯಾಡಿಸಿದರು. ಲಿಫ್ಟಿನ ಬಾಗಿಲು ತೆರೆಯುವವರೆಗೂ ನಗುತ್ತಲೇ ಇದ್ದರು. ಅವರ ಮನಸ್ಸಿನಲ್ಲಿ ಏನೂ ಇರದಿರಬಹುದು. ಇರಬಹುದು. ಅದನ್ನು ತಿಳಿಯುವ ದಾರಿ ನಮಗಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಹುಟ್ಟುಹಬ್ಬ. ಬಾಗಿಲಿಗೆ ಬಲೂನು, ಟೀಪಾಯಿಯ ಮೇಲೆ ಕೇಕು. ಮೊಮ್ಮಗಳಿಗೆ ಮೊದಮೊದಲು ಬಲು ಖುಷಿ, ಆಮೇಲೆ ಅನುಮಾನ. “ಅಜ್ಜಿ, ಎವ್ರಿ ಸಂಡೇ ನಂದು ಬರ್ತ್‌ಡೇ ಹೈ ಕ್ಯಾ?” ಎಂದು ಕೇಳಿದಳು. ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ಸುಳ್ಳು ಹೇಳಬಾರದೆಂದು ಅವಳಿಗೆ ಹಾಡಿನಲ್ಲಿ ಕಲಿಸಿದವರು ಅವರು.

ಕಳೆದ ಭಾನುವಾರ ಸೆಖೆ ಶುರುವಾಗಿತ್ತು. ಆದರೂ ಕಿಟಕಿಗಳನ್ನು ಮುಚ್ಚಿ ಪರದೆ ಎಳೆದಿದ್ದೆವು. ಟೀಚರ್ ಆ ಸೆಖೆಯಲ್ಲೂ ಮರೂನ್ ಶಾಲನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹಾಡು ಶುರುವಾಯಿತು. ಮೊಮ್ಮಗಳು ಅವರ ಎದುರಿಗೇ ನಿಂತು, ಅವರ ಮುಖವನ್ನೇ ನೋಡುತ್ತ, ಶಭಾಷ್ ಅನ್ನಿಸಿಕೊಳ್ಳಲು ಕುತ್ತಿಗೆಯ ನರ ಉಬ್ಬುವಂತೆ ದನಿ ಎತ್ತಿದಳು. ಹೊರಗೆ ಲಿಫ್ಟು ನಿಂತ ಸದ್ದಾಯಿತು. ಬಾಗಿಲು ಸರಿಯಿತು. ಹೆಜ್ಜೆಗಳು ನಮ್ಮ ಕಡೆಗೆ ಬಂದವು. ನನ್ನ ಗಂಡ ಪುಸ್ತಕದಿಂದ ತಲೆ ಎತ್ತಿ ಬಾಗಿಲು ನೋಡಿದರು. ನಾನು ಅವರನ್ನು ನೋಡಿದೆ. ಆಮೇಲೆ ಇಬ್ಬರೂ ಟೀಚರನ್ನು ನೋಡಿದೆವು.

ಟೀಚರ್ ತುಟಿಯ ಮೇಲೆ ಬೆರಳಿಟ್ಟಿದ್ದರು.

“ಮೆಲ್ಲಗೆ, ಪುಟ್ಟಿ” ಎಂದರು. “ಮೆಲ್ಲಗೆ.”

ಹೆಜ್ಜೆಗಳು ನಮ್ಮ ಬಾಗಿಲನ್ನು ದಾಟಿ ಹೋದವು. ಹೋದ ಮೇಲೂ ಯಾರೂ ಗಟ್ಟಿಯಾಗಿ ಹಾಡಲಿಲ್ಲ.